ಎತ್ತಿದ ಮಂಡಿ

"ಆ ಕಾಲು ಇಳ್ಸಮ್ಮ ಮೊದ್ಲು. ಇದು ಮನುಷ್ಯರು ಕೂರೋ ಮನೆ."

ಹಾಗೆಂದ ಮನೆಯೊಡತಿ ಓನಿಶಿ ಅಮ್ಮನ ಕೈಯಲ್ಲಿದ್ದ ಚಹಾದ ಬಟ್ಟಲು ಅರ್ಧ ದಾರಿಯಲ್ಲೇ ನಿಂತಿತು. ಪಿಲ್‌ಸುನ್ ತನ್ನ ಕಾಲನ್ನು ನೋಡಿಕೊಂಡಳು. ಬಲಮಂಡಿ ಎದೆಯ ಮಟ್ಟಕ್ಕೆ ಎದ್ದು ನಿಂತಿತ್ತು. ಅದು ಯಾವಾಗ ಎದ್ದಿತೋ ಅವಳಿಗೇ ಗೊತ್ತಾಗಿರಲಿಲ್ಲ.

ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಒಸಾಕಾದ ಹೆಂಗಸರಂತೆ ಎರಡೂ ಮಂಡಿಯೂರಿ, ಹಿಮ್ಮಡಿಗಳ ಮೇಲೆ ಭಾರ ಬಿಟ್ಟು ಕೂತಿದ್ದಳು. ಹೆಸರು ಕೇಳಿದಾಗ ಅರಾಯಿ ಎಂದು ಜಪಾನಿ ಹೆಸರು ಹೇಳಿದ್ದಳು. ಕೆಳಗಿನ ರೂಮಿನ ಬೀಗದ ಕೈ ಮೇಜಿನ ಮೇಲೆ ಬಂದಿತ್ತು. ಆಗ ಓನಿಶಿ ಅಮ್ಮ ತಾನೇ ಚಹಾ ಬಗ್ಗಿಸಿ ಮುಂದೆ ಚಾಚಿದಳು. ಹಿರಿಯರು ಏನಾದರೂ ಕೊಡುವಾಗ ಒಂದು ಮಂಡಿಯೆತ್ತಿ, ಬೆನ್ನು ನೆಟ್ಟಗೆ ಮಾಡಿ ಕೂರಬೇಕೆಂದು ಪಿಲ್‌ಸುನ್‌ಳ ಅಮ್ಮ ಚಿಕ್ಕಂದಿನಲ್ಲಿ ಹೊಡೆದು ಕಲಿಸಿದ್ದಳು. ಕೊರಿಯಾದ ಹಳ್ಳಿಯಲ್ಲಿ ಅದು ಮರ್ಯಾದೆ. ಜೋಮು ಹಿಡಿದ ಕಾಲು ಆ ಮರ್ಯಾದೆಯನ್ನು ತಾನಾಗಿಯೇ ನೆನಪಿಸಿಕೊಂಡಿತ್ತು.

"ಈಗ ನೆನಪಾಯ್ತು ನೋಡಿ," ಎಂದಳು ಓನಿಶಿ ಅಮ್ಮ. ಬೀಗದ ಕೈ ಮೇಜಿನಿಂದ ಅವಳ ನಿಲುವಂಗಿಯ ತೋಳಿನೊಳಗೆ ಜಾರಿತು. "ಆ ರೂಮು ನನ್ನ ತಂಗಿ ಮಗನಿಗೆ ಬೇಕಂತೆ."

ಚಹಾ ಪಿಲ್‌ಸುನ್‌ಳ ಕೈಗೆ ಬರಲಿಲ್ಲ. ಹೊರಗೆ ಬಂದು ತಲೆಯೆತ್ತಿದಳು. ಅದೇ ಮನೆಯ ಮೇಲಿನ ಮಹಡಿಯ ಕಟಾಂಜನದ ಮೇಲೆ, ಜೊತೆಗೆ ಕೆಲಸ ಮಾಡುವ ಮಲ್ಜಾಳ ಕೆಂಪು ಹೂವಿನ ರಜಾಯಿ ಬಿಸಿಲಿಗೆ ಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು.

ಆ ರಜಾಯಿಯನ್ನು ಪಿಲ್‌ಸುನ್ ದಿನವೂ ಕೆಲಸಕ್ಕೆ ಹೋಗುವಾಗ ನೋಡುತ್ತಿದ್ದಳು. ಕಾಲುವೆ ದಂಡೆಯ ಅವಳ ಸಾಲುಮನೆಗೆ ಬಿಸಿಲು ಬೀಳುತ್ತಿರಲಿಲ್ಲ. ಅಮ್ಮನ ಹಾಸಿಗೆ ಹಿಂಡಿದರೆ ನೀರು ಬರುತ್ತದೇನೋ ಎನ್ನುವಂತೆ ಇರುತ್ತಿತ್ತು. ಈಗ ಆ ಸಾಲನ್ನೂ ರಸ್ತೆಗೆಂದು ಕೆಡವುತ್ತಾರೆ. ಚಳಿ ಹಿಡಿಯುವುದರೊಳಗೆ ಎಲ್ಲರೂ ಜಾಗ ಬಿಡಬೇಕು. ಕೆಮ್ಮುವ ಮುದುಕಿಯನ್ನು ಕಟ್ಟಿಕೊಂಡು ಅವಳು ಹತ್ತಿದ್ದ ಜಗಲಿಗಳೆಲ್ಲ ಹೀಗೇ, ನಗುನಗುತ್ತಲೇ ಕೆಳಗಿಳಿಸಿದ್ದವು.

ಮಲ್ಜಾ ಮಾತ್ರ ಬಿಸಿಲಲ್ಲಿ ಮಲಗುತ್ತಿದ್ದಳು. ಅಲ್ಲಿ ಅವಳು ಕೊರಿಯಾದ ಮಲ್ಜಾ ಅಲ್ಲ, ಜಪಾನಿನ ಯಾಸುದಾ ಸುಯೆಕೊ.

*

ಚಪ್ಪಲಿ ಕಾರ್ಖಾನೆಯಲ್ಲಿ ಇಬ್ಬರದೂ ಎದುರುಬದುರು ಜಾಗ. ಅಟ್ಟೆಗೆ ಅಂಟು ಬಳಿಯುತ್ತ ಪಿಲ್‌ಸುನ್ ತಲೆಯೆತ್ತದೆ ಕೇಳಿದಳು:

"ನಿನ್ನ ಕಾಲಡಿ ರೂಮು ಖಾಲಿ ಬಿದ್ದಿತ್ತು. ಸೊಪ್ಪಿನೋಳು ಹೇಳ್ದಳು. ನಿನ್ನ ಬಾಯಿಗೆ ಅಂಟು ಬಳ್ದಿದ್ರೇನೆ?"

ಮಲ್ಜಾ ಅಟ್ಟೆ ಒತ್ತುತ್ತಲೇ ಇದ್ದಳು. "ಹೋಗಿದ್ದೇನಕ್ಕ?"

"ಹೋಗಿದ್ದೆ. ಮಂಡಿ ಎದ್ಬಿಡ್ತು."

"ಅಯ್ಯೋ." ಮಲ್ಜಾಳಿಗೆ ನಗು ಬಂತು, ತಡೆದುಕೊಂಡಳು. ಆ ತಡೆದ ನಗು ಪಿಲ್‌ಸುನ್‌ಳ ಮೈಯನ್ನೆಲ್ಲ ಉರಿಸಿತು.

"ನಗು ಮುಂಡೆ, ನಗು. ನಿನಗೇನು, ಮೇಲೆ ಬಿಸಿಲು, ಕೆಳಗೆ ಚಾಪೆ."

"ನಾನೇನು ಸುಮ್ನೆ ಪಡ್ಕಂಡ್ನಾ?" ಮಲ್ಜಾ ಲಂಗ ಸರಿಸಿ ಕಾಲು ತೋರಿಸಿದಳು. ಪಾದದ ಮೇಲ್ಭಾಗದಲ್ಲಿ, ಗೆಣ್ಣಿನ ಪಕ್ಕದಲ್ಲಿ, ಚರ್ಮ ಕಪ್ಪಗೆ ಗಟ್ಟಿಯಾಗಿತ್ತು. "ಒಂದು ಚಳಿಗಾಲ ಪೂರ್ತಿ ಎರಡು ಕಾಲನ್ನೂ ಸೊಂಟದ ಪಟ್ಟಿಲಿ ಬಿಗಿದ್ಕಂಡು ಕೂತಿದೀನಿ. ಹಾಳಾದ್ದು ಏಳದೆ ಇರ್ಲಿ ಅಂತ. ಅಳ್ತಾ ಕೂತಿದೀನಿ."

ಪಿಲ್‌ಸುನ್ ಆ ಜಡ್ಡನ್ನು ದಿಟ್ಟಿಸಿದಳು. ಮರುಕ ಬರಲಿಲ್ಲ. ಇಂಥ ಜಡ್ಡು ತನ್ನ ಕಾಲಿಗೂ ಯಾಕೆ ಬರಲಿಲ್ಲ ಎನ್ನಿಸಿತು.

"ಒಂದು ಮಾತು ಹೇಳಬಹುದಿತ್ತು ನೀನು. ನನಗೆ ಗೊತ್ತಿರೋರು, ಒಳ್ಳೇವ್ರು ಅಂತ."

"ನೀನು ಬಂದ್ರೆ ನಿಮ್ಮಮ್ಮನೂ ಬರ್ತಾಳೆ. ಮೆಟ್ಟಿಲ ಕೆಳಗೆ ನಿಂತು ಮಲ್ಜಾ ಅಂತ ಕೂಗ್ತಾಳೆ. ಅವತ್ತೇ ನನ್ನ ರಜಾಯಿನೂ ಬೀದಿಲಿರುತ್ತೆ." ಮಲ್ಜಾಳ ಧ್ವನಿ ಇಳಿಯಿತು. "ಅಕ್ಕ, ಅಲ್ಲಿಗೆ ಬರಬ್ಯಾಡ."

*

ಭಾನುವಾರ ಪಿಲ್‌ಸುನ್ ಹೋದಳು. ಹೋಗುವ ದಾರಿಯಲ್ಲಿ ಒಂದೇ ಹೆಸರು ಬಾಯಲ್ಲಿತ್ತು. ಮಲ್ಜಾ. ಅಷ್ಟು ಹೇಳಿದರೆ ಸಾಕು. ತನಗೆ ರೂಮು ಸಿಗುವುದಿಲ್ಲ, ಅದು ಗೊತ್ತು. ಆದರೆ ಆ ಕೆಂಪು ರಜಾಯಿಯನ್ನು ಇನ್ನು ನೋಡಬೇಕಾಗಿರುವುದಿಲ್ಲ.

ಬಾಗಿಲು ಸರಿಸಿದಾಗ ಮಲ್ಜಾ ಅಲ್ಲೇ ಇದ್ದಳು. ರಜಾದಿನ ಓನಿಶಿ ಅಮ್ಮನ ಹಾಸಿಗೆ ಮಡಚಿಕೊಡುವುದು ಅವಳೇ. ಕೆಲಸ ಮುಗಿಸಿ, ಎರಡೂ ಮಂಡಿಯೂರಿ, ಅಂಗೈಗಳನ್ನು ತೊಡೆಯ ಮೇಲಿಟ್ಟು, ಗೊಂಬೆಯಂತೆ ಕೂತಿದ್ದಳು. ಪಿಲ್‌ಸುನ್‌ಳನ್ನು ಕಂಡೊಡನೆ ಅವಳ ಮುಖದಿಂದ ರಕ್ತ ಇಳಿಯಿತು.

"ಮತ್ತೆ ಯಾಕಮ್ಮ ಬಂದ್ರಿ?" ಎಂದಳು ಓನಿಶಿ ಅಮ್ಮ. "ಹೇಳಿದ್ನಲ್ಲ, ತಂಗಿ ಮಗ."

"ಬರ್ತಾ ಇಣುಕಿ ನೋಡ್ದೆ. ರೂಮಿನ ಕಿಟಕಿಲಿ ಬಾಡಿಗೆಗಿದೆ ಅನ್ನೋ ಹಲಗೆ ಹಾಗೇ ಇದೆ."

"ಅದನ್ನ ತೆಗೆಯೋದು ಮರೆತೆ."

"ನಿಮ್ಮ ತಂಗಿಗೆ ಗಂಡುಮಕ್ಕಳೇ ಇಲ್ಲ. ಬೀದಿಗೆಲ್ಲ ಗೊತ್ತು."

ಓನಿಶಿ ಅಮ್ಮ ನಕ್ಕಳು. "ಬೇಜಾರು ಮಾಡ್ಕೋಬೇಡಿ. ಕೂರೋ ರೀತಿ, ಇರೋ ರೀತಿ ಅಂತ ಒಂದಿರುತ್ತೆ. ಈ ಸುಯೆಕೊ-ಸಾನ್ ನೋಡಿ. ಬಡವಳೇ. ಆದ್ರೆ ರಕ್ತದಲ್ಲೇ ಬಂದಿರುತ್ತೆ ನೋಡಿ ಅದು. ನಮ್ಮ ಜನ."

ಹೆಸರು ನಾಲಿಗೆಯ ತುದಿಗೆ ಬಂತು. ಪಿಲ್‌ಸುನ್ ಮಲ್ಜಾಳನ್ನು ನೋಡಿದಳು. ಮಲ್ಜಾ ಕಣ್ಣು ಮುಚ್ಚಿಕೊಂಡಿದ್ದಳು, ಹೊಡೆತಕ್ಕೆ ಕಾಯುವವಳಂತೆ. ಲಂಗದಂಚಿನಲ್ಲಿ ಆ ಕಪ್ಪು ಜಡ್ಡು ಇಷ್ಟೇ ಇಷ್ಟು ಕಾಣುತ್ತಿತ್ತು. ರಕ್ತದಲ್ಲಿ ಬಂದದ್ದಂತೆ.

ಪಿಲ್‌ಸುನ್ ಹೆಸರನ್ನು ನುಂಗಿದಳು. ಚಪ್ಪಲಿ ಕಳಚಿ ಒಳಗೆ ಬಂದು, ಚಾಪೆಯ ನಡುವೆ ಕೂತಳು. ಎಡಗಾಲು ಮಡಿಸಿ, ಬಲಮಂಡಿಯನ್ನು ಎತ್ತಿ ನಿಲ್ಲಿಸಿ, ಅದರ ಮೇಲೆ ಕೈಯಿಟ್ಟಳು. ಈ ಸಲ ಮಂಡಿ ತಾನಾಗಿ ಎದ್ದದ್ದಲ್ಲ.

"ನನ್ನ ಹೆಸರು ಅರಾಯಿ ಅಲ್ಲ, ಪಾಕ್ ಪಿಲ್‌ಸುನ್. ರೂಮು ಕೊಡಿ. ಕೊಡಲ್ಲ ಅಂದ್ರೆ ಯಾಕೆ ಅಂತ ಬಾಯಿಬಿಟ್ಟು ಹೇಳಿ. ತಂಗಿ ಮಗ ಬೇಡ. ನಿಜ ಹೇಳಿ. ಹೇಳೋವರೆಗೂ ಏಳಲ್ಲ."

"ಹೊಲಸು," ಎಂದಳು ಓನಿಶಿ ಅಮ್ಮ, ನಗು ಮಾಯವಾದ ಬಾಯಲ್ಲಿ. "ಬೆಳ್ಳುಳ್ಳಿ ತಿನ್ನೋ ಜಾತಿ. ಸುಯೆಕೊ, ಇದನ್ನ ಎಳ್ದು ಆಚೆ ಹಾಕು."

ಮಲ್ಜಾ ಮಂಡಿಯಲ್ಲೇ ಸರಿದು ಬಂದಳು. ಪಿಲ್‌ಸುನ್‌ಳ ತೋಳು ಹಿಡಿದಳು. ಆ ಕೈಗೂ ಈ ತೋಳಿಗೂ ಒಂದೇ ಅಂಟಿನ ವಾಸನೆ.

"ಎಳಿ," ಎಂದಳು ಓನಿಶಿ ಅಮ್ಮ.

ಮಲ್ಜಾ ಎಳೆದಳು. ಪಿಲ್‌ಸುನ್ ಅಲುಗಲಿಲ್ಲ. ಇನ್ನೂ ಬಿಗಿಯಾಗಿ ಎಳೆಯಲೆಂಬಂತೆ ಮಲ್ಜಾ ಒಂದು ಕಾಲನ್ನು ಅಡಿಯಿಂದ ಬಿಡಿಸಿಕೊಂಡಳು, ಅಂಗಾಲನ್ನು ಚಾಪೆಗೆ ಊರಿದಳು. ಮಂಡಿ ಮೇಲೆದ್ದಿತು. ಆಮೇಲೆ ಅವಳು ಎಳೆಯಲಿಲ್ಲ. ತೋಳನ್ನು ಬಿಡಲೂ ಇಲ್ಲ.

ಓನಿಶಿ ಅಮ್ಮ ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ನೋಡಿದಳು.

"ಸುಯೆಕೊ-ಸಾನ್?"

ಮಲ್ಜಾ ಇನ್ನೊಂದು ಕೈಯನ್ನು ಎತ್ತಿದ ಮಂಡಿಯ ಮೇಲಿಟ್ಟಳು. ಅವಳ ಬೆನ್ನು ನೆಟ್ಟಗಿತ್ತು, ಲಂಗದ ನಿರಿಗೆ ಮಂಡಿಯ ಸುತ್ತ ಬಿಡಿಸಿಟ್ಟಂತೆ ಬಿದ್ದಿತ್ತು. ಕೊರಿಯಾದ ಹಳ್ಳಿಯ ಹಿರೇಮನೆಯ ಸೊಸೆ ಕೂತಂತೆ. ಪಿಲ್‌ಸುನ್ ಓರೆಗಣ್ಣಿಂದ ನೋಡಿದಳು. ಇಷ್ಟು ವರ್ಷ ಕಾಲು ಬಿಗಿದುಕೊಂಡು ಬದುಕಿದ ಈ ಹಾಳಾದವಳು ಹೀಗೂ ನನಗಿಂತ ಚೆನ್ನಾಗಿ ಕೂರುತ್ತಾಳಲ್ಲ ಎಂದು ಅವಳ ಹೊಟ್ಟೆ ಉರಿಯಿತು.