ಜೋಸ್ಲಿನ್ ಮಿಸ್ಸಿನ ಊರು

ಎಸಿಯ ಗಾಳಿಗೆ ಪರದೆ ಉಬ್ಬುತ್ತದೆ, ಇಳಿಯುತ್ತದೆ, ಹೊರಗೆ ಗಲ್ಫಿನ ಅಲ್ ಅಜೈಬಾದ ಬಿಸಿಲು, ಶಾಲೆಯ ಕಾರಿಡಾರಿನಲ್ಲಿ ಯಾರೋ ಹಾಕಿದ ಲೋಬಾನದ ಹೊಗೆ — ಹಳಿಯಾಳದ ಇಗರ್ಜಿಯಲ್ಲೂ ಇದೇ ವಾಸನೆ, ಅಜ್ಜಿಯ ಸೆರಗು ಹಿಡಿದು ತೂಕಡಿಸುತ್ತಿದ್ದ ಭಾನುವಾರಗಳು — ಎದುರಿನ ಕುರ್ಚಿಯಲ್ಲಿ ಪ್ರಿನ್ಸಿಯ ಅಮ್ಮ ಲಿಲ್ಲಿ, ಮಗಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು, ಜೋಸ್ಲಿನ್ ಟೀಚರಿಗೆ ಸಕ್ಕರೆಯಂಥ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಎಂದು, ಪಕ್ಕದಲ್ಲಿದ್ದ ಗಂಡ ಹೆರಾಲ್ಡನಿಗೆ ಕೊಂಕಣಿಯಲ್ಲಿ ಹೇಳುತ್ತಾಳೆ, ಇವಳ ಕೂದಲು ನೋಡಿದ್ರಾ, ಆಫ್ರಿಕಾದವಳು ಮಾರಾಯ್ರೆ, ಇವಳ ಕ್ಲಾಸಲ್ಲಿ ನಮ್ಮ ಮಗು ಎಂಥ ಕಲಿಯುವುದು, ಇವತ್ತೇ ಪ್ರಿನ್ಸಿಪಾಲರಿಗೆ ಹೇಳಿ ಬಿ ಸೆಕ್ಷನ್ನಿಗೆ ಹಾಕಿಸುವ.

ಜೋಸ್ಲಿನ್‌ಗೆ ಒಂದೊಂದು ಅಕ್ಷರವೂ ಅರ್ಥವಾಗುತ್ತದೆ, ಆಗದೆ ಏನು, ಜೋಗುಳ ಕೇಳಿದ್ದೂ ಜಪಮಾಲೆ ಕಲಿತದ್ದೂ ಇದೇ ಕೊಂಕಣಿಯಲ್ಲಿ, ಎಂದೋ ಆಫ್ರಿಕಾದಿಂದ ಬಂದು ಹಳಿಯಾಳದ ಕಾಡಿನಲ್ಲಿ ನೆಲೆನಿಂತ ಸಿದ್ದಿಗಳ ಕೊಂಕಣಿ, ಕೊಂಚ ಎಳೆತ ಹೆಚ್ಚು, ಅಷ್ಟೇ — ಇಲ್ಲಿ ಎಲ್ಲರೂ ಝಾಂಜಿಬಾರಿನವಳಾ ಎನ್ನುತ್ತಾರೆ, ಊರಲ್ಲಿ ಬಸ್ಸಿನಲ್ಲಿ ಇಂಡಿಯಾದವಳೇನಾ ಎನ್ನುತ್ತಿದ್ದರು, ಎರಡು ಕಡೆಯೂ ನಕ್ಕು ಸುಮ್ಮನಾಗಿ ಸಾಕಾಗಿದೆ — ನಮ್ಮನ್ನು ಹಡಗಲ್ಲಿ ತಂದರಂತೆ ಮಗಾ, ಯಾವ ಊರಿಂದ ಅಂತ ತಂದವರು ಹೇಳಲಿಲ್ಲ, ಅಜ್ಜಿ ಅಂದಿದ್ದಳು, ಆ ಹಡಗು ಈ ಕಡಲಲ್ಲೇ ಹಾದಿರಬಹುದೇ, ಮೊದಲ ಸಲ ಇಲ್ಲಿಯ ದಂಡೆಯಲ್ಲಿ ನಿಂತಾಗ ಅಳು ಬಂದಿತ್ತು, ಯಾರಿಗಾಗಿ ಎಂದು ತಿಳಿಯದ ಅಳು, ಮರಳು ಕಾಲಡಿಯಿಂದ ಜಾರುತ್ತಿತ್ತು — ಲಿಲ್ಲಿಯ ಬೆರಳು ಆ ಎಳೆಯ ಮಣಿಕಟ್ಟಿನ ಮೇಲೆ ಬೆಳ್ಳಗಾಗಿವೆ — ಪ್ರಿನ್ಸಿ ಹೋಗಬಾರದು, ಬೇಡ ದೇವರೇ, ಹೋದ ವರ್ಷವೆಲ್ಲ ಬೇರೆ ಟೀಚರಿಂದ ಇಂಗ್ಲಿಷಿನಲ್ಲಿ ಹೇಳು ಎಂದು ಗದರಿಸಿಕೊಂಡು ಕೊನೆಯ ಬೆಂಚಿನಲ್ಲಿ ತುಟಿಪಿಟಕ್ಕೆನ್ನದೆ ಕೂತ ಹುಡುಗಿ, ಈ ವರ್ಷ ತಾನು ಮೊದಲು ಮನೆಮಾತಿನಲ್ಲಿ ಲೆಕ್ಕ, ಆಮೇಲೆ ಇಂಗ್ಲಿಷ್ ಎಂದದ್ದೇ ತಡ ಕ್ಲಾಸು ಸಂತೆಯಾಯಿತು, ಒಂದಕ್ಕೆ ನಝೀರಾ ತನ್ನಜ್ಜಿಯ ಸ್ವಾಹಿಲಿಯಲ್ಲಿ ಮೋಜಾ, ಲಕ್ಷಿತ್ ತುಳುವಿನಲ್ಲಿ ಒಂಜಿ, ಆ ಗಲಾಟೆಯ ನಡುವೆ ಹಿಂದಿನಿಂದ ಸಣ್ಣಗೆ ಏಕ್, ದೋನ್, ಜೋಸ್ಲಿನ್ ತೀನ್ ಎಂದು ಸೇರಿಸಿದಾಗ ಮಗುವಿನ ಕಣ್ಣು ಎಷ್ಟು ಅರಳಿತ್ತು — ಈಗ ಭಾಗಾಕಾರ ಮಾಡುತ್ತಾಳೆ, ಇಂಗ್ಲಿಷಿನಲ್ಲೂ ಮಾಡುತ್ತಾಳೆ, ಆಚೆ ಹೋದರೆ ಬಾಯಿ ಮತ್ತೆ ಮುಚ್ಚುತ್ತದೆ, ಕೊಂಕಣಿ ಬರುತ್ತದೆಂದು ಹೇಳಿಬಿಡಲೇ, ಹೇಳಿದರೆ ಲಿಲ್ಲಿಗೆ ಮುಖಭಂಗ, ನಾಚಿಕೆಯಾದ ತಾಯಿ ಮಗಳನ್ನು ಇಲ್ಲಿ ಬಿಟ್ಟಾಳೇ, ಹೇಳದಿದ್ದರೆ —

ಮಮ್ಮಿ, ಪ್ರಿನ್ಸಿಯ ದನಿ, ಕೊಂಕಣಿಯಲ್ಲಿ, ಇಷ್ಟು ದೊಡ್ಡ ದನಿ ಎಲ್ಲಿತ್ತು ಇವಳಲ್ಲಿ, ಮಿಸ್ಸಿಗೆ ಎಲ್ಲ ಗೊತ್ತಾಗ್ತದೆ, ನನಗೆ ಕೊಂಕಣಿಯಲ್ಲೇ ಲೆಕ್ಕ ಹೇಳಿಕೊಡುದು ಮಿಸ್. ಹೆರಾಲ್ಡ್ ಗಂಟಲು ಸರಿಮಾಡಿಕೊಂಡು, ಮಿಸ್, ನಿಮ್ಮ ಊರು — ಹಳಿಯಾಳ, ಎನ್ನುತ್ತಾಳೆ ಜೋಸ್ಲಿನ್, ಅಜ್ಜಿಯ ಎಳೆತದಲ್ಲೇ, ಮುಚ್ಚಿಡದೆ, ಸಿದ್ದಿಗಳು ನಾವು, ಮಗುವನ್ನು ಇಲ್ಲೇ ಬಿಡಿ, ಈಗಷ್ಟೇ ಮಾತು ಕಲಿತಿದೆ, ಹೇಳಿದ್ದೇ ಎದೆ ಹಗುರಾಗುತ್ತದೆ, ಪ್ರಿನ್ಸಿ ಕೊಸರಿಕೊಂಡು ಮೇಜು ಸುತ್ತಿ ಬಂದು ಪಕ್ಕದಲ್ಲಿ ನಿಂತಿದ್ದಾಳೆ, ಮೇಜಿನಾಚೆ ಲಿಲ್ಲಿಯ ಕೈ ಮಾತ್ರ ಹಾಗೇ ಇದೆ, ಬೆರಳು ಮಡಿಚಿಕೊಂಡು, ಮಣಿಕಟ್ಟಿಲ್ಲದ ಗಾಳಿಯನ್ನು ಹಿಡಿದುಕೊಂಡು, ಬಿಗಿಯಾಗಿ, ಇನ್ನೂ ಬಿಗಿಯಾಗಿ