ಗೆರೆಯ ಮೇಲಿನ ಮೊಳೆ

ಡಾಯ್ಲ್‌ನ ಹೆಲ್ಮೆಟ್ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ಮನೆಯ ಹೊಸಿಲು ಕಂಡಿರಲಿಲ್ಲ. ಅವನ ಕಾರ್ಖಾನೆ ಟೆನೆಸಿಯಲ್ಲಿ, ಮನೆ ಕೆಂಟಕಿಯಲ್ಲಿ. ಟೆನೆಸಿಯಲ್ಲಿ ಬರಿತಲೆಯಲ್ಲಿ ಬೈಕ್ ಓಡಿಸಿದರೆ ಪೊಲೀಸರು ಹಿಡಿಯುತ್ತಾರೆ. ಕೆಂಟಕಿಯಲ್ಲಿ ಅವನ ವಯಸ್ಸಿನವರನ್ನು ಕೇಳುವವರೇ ಇಲ್ಲ. ಎರಡು ರಾಜ್ಯಗಳ ಗೆರೆಯ ಮೇಲೆ ಪಾಳುಬಿದ್ದ ಹೊಗೆಸೊಪ್ಪಿನ ಕೊಟ್ಟಿಗೆಯೊಂದಿತ್ತು, ಅದರ ಗೋಡೆಗೊಂದು ಮೊಳೆ. ಸಂಜೆ ಬರುವಾಗ ಹೆಲ್ಮೆಟ್ಟನ್ನು ಅಲ್ಲಿ ನೇತುಹಾಕುವುದು, ಬೆಳಿಗ್ಗೆ ಹೋಗುವಾಗ ತಲೆಗೇರಿಸುವುದು.

"ಗೆರೆ ದಾಟಿದ ತಕ್ಷಣ ನಿನ್ನ ಬುರುಡೆ ಕಲ್ಲಾಗತ್ತೇನಯ್ಯಾ?" ಎಂದು ಹೆಂಡತಿ ವರ್ಲೀನ್ ಸಾವಿರ ಸಲ ಕೇಳಿದ್ದಳು. ದೇಶಕ್ಕೆಲ್ಲ ಒಂದೇ ಕಾನೂನಿದ್ದರೆ ಇವನ ಮಂಡೆ ಉಳಿಯುತ್ತದೆ ಎನ್ನುವುದು ಅವಳ ವಾದ. ತನ್ನ ಊರಿನ ರಸ್ತೆಯಲ್ಲಿ ತನ್ನ ತಲೆಗೆ ಗಾಳಿ ಬೇಕೋ ಬೇಡವೋ ಅಂತ ದೂರದ ವಾಷಿಂಗ್ಟನ್ನಿನವರು ಹೇಳಬೇಕಾಗಿಲ್ಲ ಎನ್ನುವುದು ಅವನದು. ಈ ಜಗಳದಲ್ಲಿ ತಳ ಸೀದ ಪಾತ್ರೆಗಳನ್ನೆಲ್ಲ ಪೇರಿಸಿದ್ದರೆ ಚಂದ್ರನನ್ನು ಮುಟ್ಟಬಹುದಿತ್ತು.

ಆ ಸಂಜೆಯೂ ಒಲೆಯ ಮೇಲೆ ಬೀನ್ಸ್ ಬೇಯುತ್ತಿತ್ತು. ಪಕ್ಕದ ಮನೆಯ ಇಮೋಜೆನ್ ಫೋನ್ ಮಾಡಿದಳು. ಓಕ್ ಮರದ ತಿರುವಿನಲ್ಲಿ ಡಾಯ್ಲ್‌ನ ಕೆಂಪು ಬೈಕ್ ಬಿದ್ದಿದೆಯಂತೆ. ಆಂಬುಲೆನ್ಸ್ ಅವನನ್ನು ಟೆನೆಸಿ ಕಡೆಯ ಆಸ್ಪತ್ರೆಗೆ ಒಯ್ದಿದೆ, ತಾನು ಕಂಡದ್ದು ಸ್ಟ್ರೆಚರಿನಿಂದ ಹೊರಗೆ ಚಾಚಿದ್ದ ಬೂಟು ಮಾತ್ರ ಎಂದಳು.

ಆ ತಿರುವು ಗೆರೆಯಿಂದ ಈಚೆ, ಕೆಂಟಕಿಯಲ್ಲಿ. ಅಂದರೆ ಬರಿತಲೆ.

ಒಲೆ ಆರಿಸಿದಳೋ ಇಲ್ಲವೋ, ವರ್ಲೀನ್ ಪಿಕಪ್ ಹತ್ತಿದಳು. ಆಸ್ಪತ್ರೆಯ ದಾರಿ ಆ ಕೊಟ್ಟಿಗೆಯ ಮುಂದೆಯೇ ಹಾದುಹೋಗುತ್ತಿತ್ತು. ಮೊಳೆಯ ಕಡೆ ನೋಡಬಾರದು ಅಂದುಕೊಂಡಳು. ಕಾಲು ಕೇಳಬೇಕಲ್ಲ, ತಾನಾಗಿಯೇ ಬ್ರೇಕ್ ಒತ್ತಿತು.

ಮೊಳೆ ಖಾಲಿಯಿತ್ತು.

ನಂಬಲು ಧೈರ್ಯ ಸಾಲಲಿಲ್ಲ. ಗಾಳಿಗೆ ಬಿದ್ದಿರಬಹುದು, ಯಾರಾದರೂ ಕದ್ದಿರಬಹುದು. ಮೊಣಕಾಲೂರಿ ಹುಲ್ಲನ್ನೆಲ್ಲ ತಡಕಾಡಿದಳು. ಗೋಡೆ ಹಿಡಿದು ಮೇಲೇಳುವಾಗ ಕೈಗೆ ಕೆಂಡ ಮುಟ್ಟಿಸಿದ ಹಾಗಾಯಿತು. ಮೊಳೆಯ ಬುಡದಲ್ಲೇ ಕಣಜದ ಹುಳುಗಳು ಹೊಸದಾಗಿ ಗೂಡು ಕಟ್ಟಿದ್ದವು. ಒಂದೊಂದು ಹುಳು ಗುಬ್ಬಿಯಷ್ಟಿತ್ತು.

ಆಸ್ಪತ್ರೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಕುರ್ಚಿಯ ಮೇಲಿದ್ದ ಹೆಲ್ಮೆಟ್. ಕಲ್ಲಂಗಡಿಯ ಹಾಗೆ ಸೀಳಿತ್ತು. ಅದರಾಚೆ ಮಂಚದ ಮೇಲೆ ಡಾಯ್ಲ್. ಕಾಲು ಮುರಿದಿತ್ತು, ತಲೆ ಇಡಿಯಾಗಿತ್ತು.

"ನಿನ್ನ ಮಾತು ಕೇಳಿ ಹಾಕ್ಕೊಂಡೆ ಅಂದ್ಕೋಬೇಡ," ಎಂದ ಅವನು, ಗೋಡೆ ನೋಡುತ್ತಾ. "ಆ ಹಾಳು ಹುಳುಗಳು ಮೊಳೆ ಹತ್ರ ಬಿಡ್ಲಿಲ್ಲ ಕಣೆ."

ವರ್ಲೀನ್ ಬನ್ನಿನಂತೆ ಊದಿದ ಕೈಯನ್ನು ಅವನ ಮುಂದೆ ಹಿಡಿದಳು. "ನನ್ನನ್ನೂ ಮಾತಾಡಿಸಿದ್ವು."

ಎದ್ದು ಓಡಾಡುವಂತಾದ ದಿನವೇ ಆ ಗೂಡಿಗೆ ಬೆಂಕಿ ಇಡುತ್ತೇನೆ ಎಂದ.

"ಮುಟ್ಟು ನೋಡೋಣ. ಇನ್ನೊಂದು ಕಾಲು ನಾನೇ ಮುರೀತೀನಿ."

ಅವಳು ಬೇಗ ಕೂತು, ಒಡೆದ ಹೆಲ್ಮೆಟ್ಟನ್ನು ಮಡಿಲಿಗೆ ಎಳೆದುಕೊಂಡಳು. ಅದು ಇವತ್ತು ಮೊದಲ ಸಲ ಮನೆಗೆ ಬರಲಿತ್ತು.