ತಪಸ್ಸುಕಾಲದ ಬ್ರೆಡ್ಡು

ಈಸ್ಟರ್ ಬೆಳಗಿನ ತಿಂಡಿಯನ್ನು ಈ ಸಲ ನನ್ನ ಮಗಳು ಲೆನೋರ್ ವಹಿಸಿಕೊಂಡಳು. ನಮ್ಮ ಲೂಥರನ್ ಚರ್ಚಿನ ನೆಲಮಾಳಿಗೆಯ ಅಡುಗೆಮನೆಯನ್ನು ಅಲ್ಲಿಯವರೆಗೆ ಆಳಿದವಳು ಆರ್ಡಿಸ್. ಸೊಂಟ ಮುರಿದುಕೊಂಡು ಈಗ ಕುರ್ಚಿ ಹಿಡಿದಿದ್ದಳು.

"ಯಾಕಿಷ್ಟು ಒದ್ದಾಟ? ಅಂಗಡಿಯಿಂದ ಡೋನಟ್ ತರಿಸಿದರಾಯ್ತಪ್ಪ," ಎಂದಿದ್ದ ಮಂಡಳಿಯ ಅಧ್ಯಕ್ಷ ಹಾರ್ಲನ್. ಒಂದು ವರ್ಷ ನೋಡೋಣ, ಕೆಟ್ಟರೆ ಮುಂದಕ್ಕೆ ಡೋನಟ್ಟೇ ಎಂದು ಸಭೆಯಲ್ಲಿ ತೀರ್ಮಾನವಾಯಿತು.

ಲೆನೋರ್ ಜಗಳವಾಡಲಿಲ್ಲ. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಂದು ಚರ್ಚಿನ ಬಾಗಿಲಲ್ಲಿ ಒಂದು ಪೆಟ್ಟಿಗೆ ಇಟ್ಟು, "ಮನೆಯಲ್ಲಿ ಉಳಿದ ಬ್ರೆಡ್ಡಿನ ತುದಿ ಒಣಗಿಸಿ ತನ್ನಿ," ಎಂದಳು. ಅದನ್ನು ಮೊಟ್ಟೆ ಹಾಲಿನಲ್ಲಿ ನೆನೆಸಿಟ್ಟು ಈಸ್ಟರ್ ಬೆಳಗ್ಗೆ ಒಲೆಯಲ್ಲಿ ಬೇಯಿಸುವುದು ಅವಳ ಯೋಚನೆ. ಹೊಸ ಬ್ರೆಡ್ಡು ಹಾಲಿಗೆ ಬಿದ್ದರೆ ಮುದ್ದೆ. ಒಣಗಿದ್ದು ರಾತ್ರಿಯಿಡೀ ಹೀರಿಕೊಂಡರೂ ಆಕಾರ ಬಿಡುವುದಿಲ್ಲ. ತಪಸ್ಸುಕಾಲ ಮುಗಿಯುವ ಹೊತ್ತಿಗೆ ಪೆಟ್ಟಿಗೆ ತುಂಬಿ ತುಳುಕುತ್ತಿತ್ತು.

ಶನಿವಾರ ಮಧ್ಯಾಹ್ನ ದೊಡ್ಡ ತಟ್ಟೆಗಳಿಗೆ ಬೆಣ್ಣೆ ಸವರಿ, ಬ್ರೆಡ್ಡು ಹರಡಿ, ಮೊಟ್ಟೆ ಕಡೆದ ಹಾಲು ಸುರಿದೆವು. ದಾಲ್ಚಿನ್ನಿ ಸಕ್ಕರೆ ಉದುರಿಸುವುದು ಕೊನೆಗೆ. ಕಡೆಯ ತಟ್ಟೆಗೆ ಹಾಲು ಬಿದ್ದದ್ದೇ ತಡ, ಈರುಳ್ಳಿ ವಾಸನೆ ಎದ್ದಿತು.

ಕುರ್ಚಿಯಲ್ಲೇ ಮೂಗರಳಿಸಿದಳು ಆರ್ಡಿಸ್. "ಅಯ್ಯೋ, ಇದು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಟರ್ಕಿ ಕೋಳಿ ಹೊಟ್ಟೆಗೆ ತುಂಬೋ ಬ್ರೆಡ್ಡು ಕಣೇ! ಮಸಾಲೆ ಸೊಪ್ಪು ಎಲ್ಲ ಸೇರಿದೆ. ಯಾವ ಪುಣ್ಯಾತ್ಮ ತಂದ?"

ಆ ಬ್ರೆಡ್ಡು ಬಂದಿದ್ದ ಖಾಲಿ ಚೀಲ ತಿರುಗಿಸಿದೆ. ಹಾರ್ಲನ್ ಹೆಸರಿತ್ತು.

"ಬೇಕಂತಲೇ ಮಾಡಿದಾನೆ," ಎಂದಳು ಆರ್ಡಿಸ್.

"ಇಲ್ಲ ಬಿಡು," ಎಂದೆ. "ಹೆಂಡತಿ ಹೋದ ಮೇಲೆ ಅವನು ಕಪಾಟಿನಲ್ಲಿ ಏನಿದೆ ಅಂತ ನೋಡಿದಾನೋ ಇಲ್ಲವೋ. ಅವನಿಗೆ ಬ್ರೆಡ್ ಅಂದರೆ ಬ್ರೆಡ್ಡು."

"ಸರಿ, ಚೆಲ್ಲು."

ಚೆಲ್ಲಿದರೆ ಒಂದು ಮೇಜಿನ ಜನಕ್ಕೆ ತಿಂಡಿಯಿಲ್ಲ. ಒಣಗಿದ ಬ್ರೆಡ್ಡು ಬೇರೆ ಉಳಿದಿರಲಿಲ್ಲ. ಲೆನೋರ್ ತಟ್ಟೆಯನ್ನೇ ನೋಡುತ್ತ ನಿಂತಳು.

"ಉಪವಾಸದ ದಿನಗಳಲ್ಲಿ ಕೊಟ್ಟದ್ದನ್ನ ಚೆಲ್ಲಲ್ಲ. ಅಪ್ಪಾ, ನಾಳೆ ಊಟಕ್ಕೆ ಇಟ್ಟಿರೋ ಹಂದಿಮಾಂಸ ತಗೊಂಡ್ ಬಾ. ಚೀಸೂ ತಾ."

"ಮತ್ತೆ ನಮ್ಮ ಊಟಕ್ಕೆ?"

"ನೀನು ಆಲೂಗಡ್ಡೆ ತಿನ್ನು."

ಆರ್ಡಿಸ್ ಗಹಗಹಿಸಿದಳು. ಆಮೇಲೆ ತಾನೇ ಚೀಸು ತುರಿಯಲು ಕೈ ಚಾಚಿದಳು.

ಮರುದಿನ ಸೂರ್ಯ ಹುಟ್ಟುವಾಗ ಕೆರೆದಂಡೆಯ ಆರಾಧನೆ ಮುಗಿಸಿ, ಚಳಿಗೆ ಕೈಯುಜ್ಜುತ್ತ ಜನ ಮೆಟ್ಟಿಲಿಳಿದರು. ಬಾಯಲ್ಲಿ ಇನ್ನೂ ಪುನರುತ್ಥಾನದ ಹಾಡು, ಮೂಗಿಗೆ ದಾಲ್ಚಿನ್ನಿ. ಸಿಹಿ ತಟ್ಟೆಗಳು ಮೊದಲು ಖಾಲಿಯಾದವು. ಹಾರ್ಲನ್ ಮಾತ್ರ ಹಂದಿಮಾಂಸ, ಚೀಸು ಬೆರೆಸಿದ ಖಾರದ ತಟ್ಟೆ ಬಿಟ್ಟು ಕದಲಲಿಲ್ಲ.

ಕೊನೆಯ ತುಂಡನ್ನು ನಮ್ಮಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಒಬ್ಬರು ಅರ್ಧ ಕತ್ತರಿಸಿ ಉಳಿದರ್ಧ ಬಿಡುತ್ತಾರೆ, ಮುಂದಿನವರು ಅದರಲ್ಲಿ ಅರ್ಧ. ಆ ತುಂಡು ಬೆರಳುಗುರಿನಷ್ಟಾಗಿತ್ತು. ಹಾರ್ಲನ್ ಅತ್ತಿತ್ತ ನೋಡಿದ. ಅದನ್ನು ಬಾಯಿಗೆ ಹಾಕಿಕೊಂಡು, ಮೂಲೆಯಲ್ಲಿ ಅಂಟಿದ ಸೀಕಲನ್ನೂ ಚಮಚದಿಂದ ಕೆರೆದ. ಎಲ್ಲರೂ ಅವನತ್ತ ತಿರುಗಿದರು.

"ಹೇಗಿದೆಯೋ?" ಎಂದಳು ಆರ್ಡಿಸ್.

ಅವನು ಮೀಸೆ ಒರೆಸಿಕೊಂಡ. "ಏನೂ ಕೆಟ್ಟದಾಗಿಲ್ಲ."

ಈ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

"ಮುಂದಿನ ವರ್ಷ ಇಂಥದ್ದು ಎರಡು ತಟ್ಟೆ ಮಾಡಮ್ಮ, ಲೆನೋರ್."

"ಬ್ರೆಡ್ಡು ನೀವೇ ತರಬೇಕು, ಮತ್ತೆ," ಎಂದು ಅವಳು ಪಾತ್ರೆಗಳತ್ತ ತಿರುಗಿಬಿಟ್ಟಳು. ನಮ್ಮ ಜನ ಹೆಮ್ಮೆಯನ್ನು ಹಾಗೆ ಬೆನ್ನ ಹಿಂದೆ ಅಡಗಿಸುತ್ತಾರೆ. ನಾನು ಹಾಗೆ ಬೆನ್ನು ತಿರುಗಿಸಲಿಲ್ಲ. "ನನ್ನ ಮಗಳು," ಎಂದೆ, ಆ ಕೋಣೆಗೆಲ್ಲ ಕೇಳುವ ಹಾಗೆ, ಎಲ್ಲರಿಗೂ ಗೊತ್ತಿದ್ದದ್ದನ್ನೇ.